ತೊಳೆದ ಕೈ

ಗಾಣಕ್ಕೆ ಸಿಕ್ಕಿದ ಕೈಯ ಸದ್ದು ಕಬ್ಬಿನ ಸದ್ದಿನ ಹಾಗೆಯೇ ಇರುತ್ತದೆ. ಅದನ್ನು ಕೇಳಿದ ದಿನದಿಂದ ನಾನು ಕಬ್ಬಿನ ಹಾಲು ಕುಡಿದಿಲ್ಲ.

ನಾನು ಮಂಡ್ಯದಲ್ಲಿ ಎಲೆಕ್ಟ್ರಾನಿಕ್ಸ್ ಮೇಷ್ಟ್ರು, ಮನೆ ಗುತ್ತಲಿನಲ್ಲಿ. ಕೊತ್ತತ್ತಿಯಲ್ಲಿ ನನ್ನ ಭಾವನ ಆಲೆಮನೆ. ಅಲ್ಲಿ ಒಬ್ಬ ಗಾಣಕ್ಕೆ ಕಬ್ಬು ಕೊಡುತ್ತಿದ್ದ. ಅವನ ಹೆಂಡತಿ ಸ್ವಿಚ್ಚಿನ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ಗಂಡನ ಕೈ ಉರುಳೆಯ ಹತ್ತಿರ ಹೋದರೆ ಮೋಟಾರು ಆರಿಸುವುದೇ ಅವಳ ಕೆಲಸ. ನೋಡಿ ನನಗೆ ಮೈ ಉರಿಯಿತು. ಈ ಕಾಲದಲ್ಲೂ ಇಂಥದ್ದೇ?

ಕ್ಯಾಮೆರಾ ತಂದು ಲ್ಯಾಪ್‌ಟಾಪಿಗೆ ಕಟ್ಟಿದೆ. ಅದು ಯೋಚಿಸಿ ‘ಕೈ’ ಎನ್ನುವಷ್ಟರಲ್ಲಿ ಮೊಣಕೈವರೆಗೂ ನುರಿದಿರುತ್ತಿತ್ತು. ಆಮೇಲೆ ಲ್ಯಾಪ್‌ಟಾಪಿನ ಬದಲು ಕ್ಯಾಮೆರಾಗೆ ಕಟ್ಟಲು ಒಂದು ಚಿಪ್ ತರಿಸಿದೆ. ಅದರೊಳಗಿನ ಸಂಪರ್ಕಗಳನ್ನೇ ನಮಗೆ ಬೇಕಾದಂತೆ ಬದಲಿಸಿ, ಒಂದೇ ಕೆಲಸಕ್ಕೆ ಪಳಗಿಸಬಹುದು. ನನ್ನ ಚಿಪ್‌ಗೆ ಇದ್ದದ್ದು ಒಂದೇ ಪ್ರಶ್ನೆ: ಕೈಯೋ, ಕಬ್ಬೋ? ರೆಪ್ಪೆ ಬಡಿಯುವುದರೊಳಗೆ ಉತ್ತರ. ಕೈಯಾದರೆ ಮೋಟಾರು ಬಂದ್.

ಅದಕ್ಕೆ ಕಲಿಸಲು ಫೋಟೋ ಬೇಕಿತ್ತು. ಕಬ್ಬು ಕೊಡುವವನಿಗೆ, ಕೈ ತೋರಿಸಪ್ಪಾ ಎಂದೆ.

“ತಡೀರಿ ಸಾ, ತೊಳ್ಕಬತ್ತೀನಿ.”

ಸೋಪು ಹಚ್ಚಿ ಉಜ್ಜಿಕೊಂಡು ಬಂದ. ಆಲೆಮನೆಯವರೆಲ್ಲ ಹಾಗೇ ತೊಳೆದುಕೊಂಡು ಸಾಲಾಗಿ ನಿಂತರು. ಮೇಷ್ಟ್ರ ಮುಂದೆ ಕೊಳಕು ಕೈ ಚಾಚುವುದುಂಟೇ? ನಾನೂ ತೆಗೆದೆ, ದಡ್ಡ ಮುಂಡೇದು! ಪರೀಕ್ಷೆಗೂ ಅವೇ ತೊಳೆದ ಕೈಗಳು. ಪ್ರತಿ ಸಲವೂ ಮೋಟಾರು ನಿಂತಿತು, ಎಲ್ಲರೂ ಚಪ್ಪಾಳೆ ಹೊಡೆದರು.

“ಇನ್ನು ನೀನಿಲ್ಲಿ ನಿಲ್ಲಬೇಡ ಕಣಮ್ಮ, ಹೋಗಿ ರಚ್ಚು ಒಣಹಾಕು” ಎಂದು, ಹಿಂಡಿದ ಕಬ್ಬಿನ ಸಿಪ್ಪೆ ಹರಡಲು ಅವಳನ್ನು ಬಯಲಿಗೆ ಕಳಿಸಿದವನು ನಾನೇ.

ನಾಲ್ಕನೆಯ ದಿನ ಅವನ ಕೈಗೆ ಹಾಲು, ಮಸಿ, ಬೂದಿ ಮೆತ್ತಿ, ಮೇಲೆ ತರಗು ಅಂಟಿಕೊಂಡಿತ್ತು. ಚಿಪ್ ಅದನ್ನು ಕಬ್ಬು ಎಂದಿತು. ತಪ್ಪನ್ನೂ ಅಷ್ಟೇ ಬೇಗ ಹೇಳಿತು. ಉರುಳೆ ಬೆರಳುಗಳನ್ನು ಎಳೆದುಕೊಂಡಿತು.

“ಅಯ್ಯಯ್ಯೋ, ಆರುಸ್ರಲಾ!” ಎಂದು ಅವನು ಚೀರಿದ.

ನಾನು ಸ್ವಿಚ್ಚಿಗೆ ಎರಡು ಮಾರು ದೂರದಲ್ಲಿದ್ದೆ. ಈಗ ನಿಲ್ಲುತ್ತದೆ, ಈಗ ನಿಲ್ಲುತ್ತದೆ ಎಂದು ಚಿಪ್ಪನ್ನೇ ನೋಡುತ್ತಾ ನಿಂತೆ. ಬಯಲಿನಿಂದ ಓಡಿ ಬಂದು ಆರಿಸಿದವಳು ಅವಳು. ಅಷ್ಟರಲ್ಲಿ ಅಂಗೈಯೂ ಹೋಗಿತ್ತು. ಹಾಲಿನ ತೊಟ್ಟಿಯೆಲ್ಲ ಕೆಂಪು.

ಅವಳು ನನ್ನ ಕೆನ್ನೆಗೆ ಬಾರಿಸಿದಳು.

“ಎಲ್ಲಲಾ ನನ್ ಗಂಡನ್ ಕೈ? ನಿನ್ ಮಿಸಿನ್ನು ಕಣ್ ಮುಚ್ಕಂಡಿತ್ತೇನ್ಲಾ?”

ಇನ್ನೆರಡು ಬಿಟ್ಟಿದ್ದರೂ ನಿಂತು ಹೊಡೆಸಿಕೊಳ್ಳುತ್ತಿದ್ದೆ. ಮನೆಗೆ ಬಂದು ಚಿಪ್ಪು, ಕ್ಯಾಮೆರಾ ಎಲ್ಲ ಮೂಟೆ ಕಟ್ಟಿ ಅಟ್ಟಕ್ಕೆ ಎಸೆದೆ.

ಗಾಯ ಮಾಗಿದ ಮೇಲೆ ಅವನೇ ಹೇಳಿ ಕಳಿಸಿದ. ಹೋದೆ. ಬಲಗೈ ಮಣಿಕಟ್ಟಿಗೇ ಮುಗಿದಿತ್ತು, ಎಡಗೈಯಲ್ಲಿ ಕಬ್ಬು ಕೊಡುತ್ತಿದ್ದ. ನನ್ನನ್ನು ಕಂಡು ಆ ಕೈ ಚಾಚಿದ. ಮಸಿ, ತರಗು, ಬೂದಿ.

“ಇದುನ್ ತಗೀರಿ ಸಾ ಫೋಟೋವ. ತೊಳ್ದಿಲ್ಲ.”

ಅತ್ತುಬಿಟ್ಟೆ. ಅವಳು ನನ್ನ ಕಡೆ ತಿರುಗಲೂ ಇಲ್ಲ. ಅವಳ ಕೈ ಸ್ವಿಚ್ಚಿನ ಮೇಲಿತ್ತು.