ಮೂವತ್ತು ದಿನಕ್ಕೆ ಸಿಗದ ಅಮಾವಾಸ್ಯೆ

ಅಂದು ಬೆಳಿಗ್ಗೆ ಹಿತ್ತಿಲಲ್ಲಿ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಕೈಯೆಲ್ಲ ಅಂಟು. ಫೋನು ಒಳಗೆ ದೇವರ ಜಗಲಿಯ ಹತ್ತಿರ ಚಾರ್ಜಿಗಿತ್ತು. ಎರಡು ಸಲ ಬಡಕೊಂಡು ಸುಮ್ಮನಾಯಿತು, ಮೂರನೇ ಸಲಕ್ಕೆ ಎದ್ದೆ. ಸೊಸೆ. ಕೆಲಸದ ಹೊತ್ತಿನಲ್ಲಿ ಅವಳು ಸುಮ್ಮನೆ ಫೋನು ಮಾಡುವವಳಲ್ಲ.

“ಅತ್ತಿ, ಗ್ವಾಡಿಗಿರೋ ಕ್ಯಾಲೆಂಡರ್ ನೋಡಿ ಹೇಳ್ರಿ. ಅಮಾಸಿ ನಾಳೆನೋ, ನಾಡದೋ?”

“ಯಾಕವ್ವ, ಏನಾತು?”

“ಕಂಪ್ಯೂಟರಿನ್ಯಾಗ ನಾಡದ ಅಂತ ಐತಿ. ಮಾವ ನೋಡಿದ್ರ ನಾಳೆ ಅಂತಾರ. ಬಾಯ್ಲರ್ ಇನ್ನೂ ಉರಿಯಾಕತ್ತೈತಿ. ಫಿಟ್ಟರ್‌ಗೂ ನಾಡದ ಬಾ ಅಂತ ಮೆಸೇಜ್ ಹೋಗಿಬಿಟ್ಟೈತಿ.”

ಅಂಟುಗೈಯಲ್ಲೇ ಕ್ಯಾಲೆಂಡರಿನತ್ತ ಓಡಿದೆ. ಯಾಕೆಂದು ಹೇಳಬೇಕು.

ನಮ್ಮ ಮನೆಯವರು ಸಿಂಧನೂರಿನ ಒಂದು ರೈಸ್ ಮಿಲ್ಲಿನಲ್ಲಿ ಭತ್ತ ಬೇಯಿಸುವ ಹಬೆಯ ಬಾಯ್ಲರ್ ನೋಡಿಕೊಳ್ಳುತ್ತಾರೆ. ಮದುವೆಯಾದಾಗಿನಿಂದ ನಾನು ತೊಳೆದಿದ್ದೆಲ್ಲ ಅವರ ಮಸಿ ಬಟ್ಟೆಯೇ. ಸೊಸೆ ಅದೇ ಮಿಲ್ಲಿನ ಆಫೀಸಿನಲ್ಲಿದ್ದಾಳೆ. ಸುಗ್ಗಿ ಶುರುವಾದರೆ ಆ ಮಿಲ್ಲು ಹಗಲು ರಾತ್ರಿ ನಿಲ್ಲುವುದಿಲ್ಲ. ನಿಲ್ಲುವುದು ಅಮಾವಾಸ್ಯೆಗೆ ಮಾತ್ರ. ಅಂದು ಹಮಾಲರು ಚೀಲ ಎತ್ತುವುದಿಲ್ಲ, ಲಾರಿಗಳು ಗೇಟು ದಾಟುವುದಿಲ್ಲ, ಸಂಜೆ ಮಷೀನುಗಳಿಗೆಲ್ಲ ಕಾಯಿ ಒಡೆಯುತ್ತಾರೆ. ಬಾಯ್ಲರ್ ತಣ್ಣಗಾಗುವುದೂ ಅದೊಂದೇ ದಿನ. ಬೂದಿ ತೆಗೆಯುವುದು, ಒಳಗಿನ ಕೊಳವೆ ಉಜ್ಜುವುದು, ಹಬೆ ಹೆಚ್ಚಾದರೆ ಹೊರಗೆ ಬಿಡುವ ವಾಲ್ವನ್ನು ಬಿಚ್ಚಿ ನೋಡುವುದು, ಎಲ್ಲ ಅಂದೇ ಆಗಬೇಕು. ಅದಕ್ಕೆ ಲಿಂಗಸುಗೂರಿನಿಂದ ಫಿಟ್ಟರ್ ಬರುತ್ತಾನೆ. ತಪ್ಪಿದರೆ ಇನ್ನೊಂದು ಅಮಾವಾಸ್ಯೆಯವರೆಗೆ ಕಾಯಬೇಕು.

ಮೊದಲು ಲೆಕ್ಕ ಬರೆಯುವ ಒಬ್ಬ ಹಳೇ ಮುನಷಿ ಇದನ್ನೆಲ್ಲ ತಲೆಯಲ್ಲೇ ಇಟ್ಟುಕೊಂಡಿದ್ದರು. ಅವರು ಕೆಲಸ ಬಿಟ್ಟ ಮೇಲೆ ಫಿಟ್ಟರ್‌ಗೆ ಹೇಳುವುದನ್ನು ಎಲ್ಲರೂ ಮರೆತರು. ಎರಡು ಅಮಾವಾಸ್ಯೆ ಹಾಗೇ ಹೋದವು. ಒಂದು ದಿನ ವಾಲ್ವಿನ ಬುಡದಿಂದ ಹಬೆ ಚಿಮ್ಮಿ ನಮ್ಮ ಮನೆಯವರ ಬಲಗೈ ಮೊಣಕೈವರೆಗೆ ಸುಟ್ಟಿತು. ಕಣ್ಣು ಉಳಿದವು, ಅದೇ ದೊಡ್ಡದು ಎಂದು ದೇವರಿಗೆ ಕೈಮುಗಿದೆ. ಗಾಯ ಮಾಯ್ದ ಮೇಲೆ ಮತ್ತೆ ಅದೇ ಬಾಯ್ಲರಿನ ಮುಂದೆ ಹೋಗಿ ನಿಂತರು. ಆಗ ಸೊಸೆ, ಹೊಸ ಗೋದಾಮು ಕಟ್ಟಿಸುವಾಗ ಯಾರು ಯಾವ ಕೆಲಸ ಯಾವಾಗ ಮಾಡಬೇಕೆಂದು ಬರೆದಿಡುತ್ತಿದ್ದ ಸಾಫ್ಟ್‌ವೇರಿಗೆ ಬಾಯ್ಲರ್ ಕೆಲಸವನ್ನೂ ಸೇರಿಸಿದಳು. ರವಿವಾರ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದ್ದಳು.

“ತಿಂಗಳಾ ತಿಂಗಳಾ ಬರೀಬೇಕೇನಬೇ ಇದನ್ನ?” ಎಂದು ಕೇಳಿದೆ.

“ಇಲ್ರಿ. ಒಮ್ಮೆ ಹೇಳಿದ್ರ ಸಾಕು. ಈ ಸಲದ್ದು ಮುಗೀತು ಅಂತ ಮಾವ ಒತ್ತಿದ ಕೂಡ್ಲೆ ಮುಂದಿನ ಸಲದ್ದು ತಾನ ಹುಟ್ಟತೈತಿ. ಫಿಟ್ಟರ್‌ಗೆ, ಬೂದಿ ತಗಿಯೋರಿಗೆ, ಎಲ್ಲಾರಿಗೂ ತಾನ ಹೇಳತೈತಿ.”

“ಒತ್ತಲಿಲ್ಲಂದ್ರ?”

“ಒತ್ತೋತನಕ ಬಿಡಂಗಿಲ್ಲ.”

“ಹಂಗಾರ ನಿಮ್ಮತ್ತಿಕಿಂತ ಜೋರೈತಿ ಬಿಡು,” ಎಂದರು ಮನೆಯವರು.

ಮೊದಲ ಸಲ ಎಲ್ಲ ಸರಿಯಾಗಿಯೇ ಆಗಿತ್ತು. ಇಷ್ಟು ಜನರ ಮರೆವನ್ನು ಒಂದು ಪೆಟ್ಟಿಗೆ ಹೊತ್ತುಕೊಂಡಿತಲ್ಲ ಎಂದು ನನಗೆ ಬೆರಗು. ಆದರೆ ಸೊಸೆ ಅದಕ್ಕೆ ಹೇಳಿದ್ದು ಮೂವತ್ತು ದಿನಕ್ಕೊಮ್ಮೆ ಎಂದು. ಚಂದ್ರ ಒಂದು ತಿಂಗಳು ಮೂವತ್ತು ದಿನ ತಗೊಂಡರೆ ಇನ್ನೊಂದು ತಿಂಗಳು ಇಪ್ಪತ್ತೊಂಬತ್ತಕ್ಕೇ ಮುಗಿಸುತ್ತಾನೆ. ಅದು ಅವಳ ತಲೆಗೂ ಹೊಳೆಯಲಿಲ್ಲ, ಪಕ್ಕದಲ್ಲಿ ಕೂತಿದ್ದ ನನ್ನ ತಲೆಗೂ ಹೊಳೆಯಲಿಲ್ಲ.

ಕ್ಯಾಲೆಂಡರ್ ನೋಡಿದೆ. ನಾಳೆ ಮಧ್ಯಾಹ್ನದವರೆಗೆ ಚತುರ್ದಶಿ, ಆಮೇಲೆ ಅಮಾವಾಸ್ಯೆ ಹತ್ತುತ್ತದೆ. ನಾಡಿದ್ದು ಮಧ್ಯಾಹ್ನಕ್ಕೆ ಇಳಿಯುತ್ತದೆ. ನೋಡಿದರೆ ಎರಡು ದಿನವೂ ಅಮಾವಾಸ್ಯೆಯೇ. ಮಸ್ಕಿಯ ತವರಿನಲ್ಲಿ ನಮ್ಮವ್ವ ಇಂಥ ಹೊತ್ತಿನಲ್ಲಿ ಯಾರನ್ನೂ ಕೇಳುತ್ತಿರಲಿಲ್ಲ, ದೀಪದ ಹೊತ್ತಿನ ತಿಥಿಯನ್ನೇ ಹಿಡಿಯುತ್ತಿದ್ದಳು.

“ಮಿಲ್ಲಿನ ಪೂಜೆ ಸಂಜಿಗಲ್ಲೇನು? ದೀಪ ಹಚ್ಚೋ ಹೊತ್ತಿಗೆ ಅಮಾಸಿ ಇರೋದು ನಾಳೆ. ನಾಳೆನ ಹಿಡಿ,” ಎಂದೆ.

“ಹಮಾಲರೂ ನಾಳೆನ ಸೂಟಿ ಅಂತಾರ. ತಡೀರಿ, ಹಿಂದಕ್ಕ ಜರಗಸತೀನಿ.”

ಫೋನು ಇಡಲಿಲ್ಲ. ಕೀಲಿ ಒತ್ತುವ ಟಕಟಕ ಕೇಳಿಸಿತು. ಅವಳು ಬದಲಿಸಿದ್ದು ಒಂದೇ ತಾರೀಖು. ಅದರ ಬೆನ್ನಿಗೆ ಬೆಂಕಿ ಆರಿಸುವುದು, ಬೂದಿ, ಕೊಳವೆ, ವಾಲ್ವು, ಮರುದಿನ ಮತ್ತೆ ಬೆಂಕಿ ಹಚ್ಚುವುದು, ಎಲ್ಲವೂ ಒಂದೊಂದು ದಿನ ಹಿಂದಕ್ಕೆ ಬಂದವಂತೆ. ಅಲ್ಲೇ ನಿಂತಿದ್ದ ಮನೆಯವರ ಫೋನು ಟಿಣ್ ಎಂದದ್ದು ನನಗೂ ಕೇಳಿಸಿತು. “ಇಂದು ಬೆಂಕಿ ಆರಿಸಿ ಅಂತ ಬಂದೈತಿ,” ಎಂದರು. ದೇವರ ಜಗಲಿಯ ಹತ್ತಿರ ನಿಂತು ನಾನು ಆಡಿದ ಒಂದು ಮಾತು ಇಷ್ಟು ಬೇಗ ಇಷ್ಟು ಜನರ ಕೈಗೆ ಮುಟ್ಟಿತ್ತು.

ಅರ್ಧ ತಾಸಿಗೆ ಮತ್ತೆ ಫೋನು. ಫಿಟ್ಟರ್ ನಾಳೆ ಲಿಂಗಸುಗೂರಿನ ಹತ್ತಿರ ಹಟ್ಟಿಯಲ್ಲಿ ಬೇರೆ ಕೆಲಸ ಒಪ್ಪಿಕೊಂಡಿದ್ದಾನೆ, ಬರಲಾರೆ ಅನ್ನುತ್ತಾನೆ. ಇನ್ನೊಂದು ತಿಂಗಳು ಆ ವಾಲ್ವು, ಅದರ ಮುಂದೆ ಆ ಮನುಷ್ಯ.

“ತಪ್ಪು ನಂದು ಅಂತ ಅವಗ ಹೇಳಿಕೊಂಡೀನ್ರಿ,” ಎಂದಳು ಸೊಸೆ. ದನಿ ಇಳಿದಿತ್ತು. “ಮೊದಲ್ನೇ ಬಸ್ಸಿಗೆ ಬಂದು ಹನ್ನೊಂದಕ್ಕ ಹೋಗ್ರಿ, ಹಟ್ಟಿ ಕೆಲಸ ಮಧ್ಯಾಹ್ನದ ಮ್ಯಾಲೆ ಮಾಡ್ರಿ ಅಂದೀನಿ. ಬೆಳಗಾಗೋದ್ರಾಗ ಬಾಯ್ಲರ್ ಪೂರ್ತಿ ತಣ್ಣಗಿದ್ರ ಬರತೀನಿ, ಬಿಸಿ ಇದ್ರ ಕೈ ಹಚ್ಚಂಗಿಲ್ಲ ಅಂತ ಕರಾರು ಹಾಕ್ಯಾನ.”

ಹಾಗಾಗಬೇಕಾದರೆ ಬೆಂಕಿ ಸಂಜೆಯವರೆಗೆ ಕಾಯುವಂತಿಲ್ಲ, ಈಗಲೇ ಆರಬೇಕು. ಮಿಲ್ಲಿನ ಸಾಹುಕಾರ್ರು ಗೊಣಗಿದರಂತೆ. ತೊಟ್ಟಿಯಲ್ಲಿ ನೆನೆದ ಭತ್ತ ಇತ್ತು. ಅದೊಂದು ಬೇಯಲಿ, ಆಮೇಲೆ ಹೊಸದು ಹಾಕಬೇಡಿ ಎಂದು ಕೊನೆಗೆ ಒಪ್ಪಿದರು. ಮಧ್ಯಾಹ್ನ ಒಂದರ ಸುಮಾರಿಗೆ ಮನೆಯ ಮಾಳಿಗೆ ಹತ್ತಿ ನೋಡಿದೆ. ಮಿಲ್ಲಿನ ಚಿಮಣಿಯ ಹೊಗೆ ತೆಳ್ಳಗಾಗಿ, ಸ್ವಲ್ಪ ಹೊತ್ತಿಗೆ ನಿಂತೇ ಹೋಯಿತು. ಕೈಗಳು ತಾವಾಗಿ ಕೂಡಿದವು.

ಮರುದಿನ ಬೆಳಿಗ್ಗೆ ಫಿಟ್ಟರ್ “ಮಸ್ಕಿ ದಾಟೀನಿ” ಎಂದು ಮೆಸೇಜು ಹಾಕಿದ್ದನ್ನು ಸೊಸೆ ನನಗೂ ಕಳಿಸಿದಳು. ಹತ್ತೂವರೆಗೆ ಮನೆಯವರು ಫೋನು ಮಾಡಿದರು.

“ವಾಲ್ವು ಕಚ್ಚಿಕೊಂಡು ಕುಂತಿತ್ತು. ಎತ್ತಿದ್ರ ಏಳಂಗಿಲ್ಲ. ಹೊಸಾದು ಕೂಡಿಸ್ಯಾನ.”

“ಹಂಗ ಬಿಟ್ಟಿದ್ರ?”

“ಅದನ್ನ ನಾನೂ ಕೇಳಿದೆ. ‘ಬಿಟ್ಟಿಲ್ಲಲ್ಲ, ಛಾ ತರಸ್ರಿ’ ಅಂದ.”

ಅಂದು ಸಂಜೆ ದೀಪ ಹಚ್ಚಿದ ಮೇಲೆ ಸೊಸೆ ಲ್ಯಾಪ್‌ಟಾಪ್ ಹಿಡಿದು ನನ್ನ ಮುಂದೆ ಕೂತಳು. ಆ ಸಾಫ್ಟ್‌ವೇರಿಗೆ ವಾರಕ್ಕೊಮ್ಮೆ ಗೊತ್ತು, ತಿಂಗಳ ಕೊನೇ ಶುಕ್ರವಾರ ಗೊತ್ತು, ಅಮಾವಾಸ್ಯೆ ಮಾತ್ರ ಗೊತ್ತಿಲ್ಲವಂತೆ. ಒಂದೊಂದೇ ಹಾಳೆ ತಿರುವಿ, ದೀಪದ ಹೊತ್ತಿನ ತಿಥಿ ನೋಡಿ, ವರ್ಷದ ಅಮಾವಾಸ್ಯೆಗಳನ್ನೆಲ್ಲ ಓದಿ ಹೇಳಿದೆ. ಒಂದು ತಿಂಗಳು ತಿಥಿ ಸರಿಯಾಗಿ ಮುಸ್ಸಂಜೆಗೇ ಹತ್ತುತ್ತಿತ್ತು.

“ಇದನ್ನ ಮಠದಾಗ ಕೇಳಿ ಹೇಳತೀನಿ,” ಎಂದೆ.

ಅವಳು ಏನೋ ಒತ್ತಿದಳು. ನನ್ನ ಫೋನು ಟಿಣ್ ಎಂದಿತು. ನೋಡಿದರೆ ನನ್ನ ಹೆಸರಿಗೂ ಒಂದು ಕೆಲಸ: ಮಠದಲ್ಲಿ ಕೇಳುವುದು, ಸೋಮವಾರದೊಳಗೆ.

“ಪ್ರತಿ ಯುಗಾದಿಗೆ ಹೊಸ ವರ್ಷದ ಅಮಾಸಿ ಓದಿ ಹೇಳೋದೂ ನಿಮ್ಮ ಕೆಲಸಾರಿ ಅತ್ತಿ.”

“ಯುಗಾದಿ ಅಂತ ಹಾಕಬ್ಯಾಡಬೇ, ಅದೂ ಚಂದ್ರಂದ. ಮತ್ತ ತಪ್ಪತೈತಿ.”

ಅವಳು ನಕ್ಕು ಮಾರ್ಚ್ ಒಂದು ಎಂದು ಹಾಕಿದಳು. ನಾನು ಬಹಳ ಹೊತ್ತು ಆ ಪರದೆ ನೋಡುತ್ತ ಕೂತೆ. ಮುಂದಿನ ಅಮಾವಾಸ್ಯೆಗಳು ಒಂದರ ಕೆಳಗೊಂದು, ಪ್ರತಿಯೊಂದರ ಕೆಳಗೂ ಬೆಂಕಿ, ಬೂದಿ, ಕೊಳವೆ, ವಾಲ್ವು. ಇನ್ನೂ ಹುಟ್ಟದ ದಿನಗಳಲ್ಲಿ ನಮ್ಮ ಮನೆಯವರನ್ನು ಯಾರೋ ಕಾಯುತ್ತ ಕೂತ ಹಾಗೆ. ದೇವರು ಯಾವ ಕೈಯಿಂದ ಕಾಯುತ್ತಾನೆಂದು ಹೇಳಲು ನಾನು ಯಾರು.

ಅಷ್ಟರಲ್ಲಿ ಮನೆಯವರು ಪೂಜೆ ಮುಗಿಸಿ ಬಂದರು. ತಲೆಯಿಂದ ಹಿಮ್ಮಡಿವರೆಗೆ ಮಸಿ, ಕೈಯಲ್ಲಿ ಒಡೆದ ಕಾಯಿಯ ಹೋಳು. ಕಾಯಿ ಇಸಿದುಕೊಂಡು ಜಗಲಿಯ ಮೇಲಿಟ್ಟೆ. ಅವರ ಅಂಗಿ ಪೈಜಾಮ ಬಚ್ಚಲಿಗೆ ಒಯ್ದು, ಬಕೀಟಿಗೆ ಸೋಡಾಪುಡಿ ಹಾಕಿ ನೆನೆಯಿಟ್ಟೆ.