ಬಿಚ್ಚದೆ ಉಳಿದ ಸಾಲು

ನಮ್ಮ ಪ್ರೆಸ್ಸಿನ ಫೋರ್‌ಮನ್ನರ ಬಲಗೈಯ ಹೆಬ್ಬೆರಳು, ತೋರುಬೆರಳು ಎರಡೂ ತುದಿಯಲ್ಲಿ ಕಪ್ಪಾಗಿದ್ದವು. ಸೀಸದ ಅಚ್ಚುಮೊಳೆ ಹಿಡಿದು ಹಿಡಿದು ಹತ್ತಿದ ಕಪ್ಪು. ಸೋಪಿಗೂ ಹೋಗುತ್ತಿರಲಿಲ್ಲ, ಸೀಗೆಪುಡಿಗೂ ಹೋಗುತ್ತಿರಲಿಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಆ ಎರಡು ಬೆರಳು ಮಡಚಿಕೊಂಡು ಮಿಕ್ಕ ಮೂರರಲ್ಲೇ ಮುದ್ದೆ ಮುರಿಯುವರು. "ಸೀಸ ಹೊಟ್ಟೆಗೆ ಹೋಗ್ಬಾರ್ದು ಕಣಮ್ಮ" ಅನ್ನುವರು.

ಎಂಬತ್ತರ ದಶಕದಲ್ಲಿ ಗಂಡನನ್ನು ಕಳೆದುಕೊಂಡು, ಕಂಕುಳಲ್ಲಿ ಮಗುವಿಟ್ಟುಕೊಂಡು ಶಿಡ್ಲಘಟ್ಟದ ಆ ಪ್ರೆಸ್ಸಿಗೆ ಹೋದ ನನಗೆ ಮೊಳೆ ಜೋಡಿಸುವುದನ್ನು ಕಲಿಸಿದವರು ಅವರು. ನಾನೋ ಮಹಾ ಸಿಡುಕಿ. ಒಂದು ಸಾಲು ತಪ್ಪಿದರೆ ಜೋಡಿಸಿದ್ದನ್ನೆಲ್ಲ ನೆಲಕ್ಕೆ ಕುಕ್ಕುತ್ತಿದ್ದೆ. ಹೋಗಲಿ ಬಿಡು ಅನ್ನುವುದಕ್ಕೆ ತೆಲುಗಿನಲ್ಲಿ "ಕಾನೀಲೇ" ಎಂದು, ಚೆಲ್ಲಿದ ಮೊಳೆಗಳನ್ನು ತಾವೇ ಆಯುತ್ತಿದ್ದರು. ಜಂಗಮಕೋಟೆಯ ಮನೆಯಲ್ಲಿ ಅವರು, ಅವರ ಹೆಂಡತಿ, ಇಬ್ಬರೇ. ಎಷ್ಟು ಮಕ್ಕಳು ಎಂದು ಯಾರಾದರೂ ಕೇಳಿದರೆ, ಏನೋ ಹುಡುಕುವವರಂತೆ, ಅಕ್ಷರಕ್ಕೊಂದು ಮನೆಯಿದ್ದ ಮೊಳೆಗಳ ಕೇಸಿನಲ್ಲಿ ಕೈಯಾಡಿಸುವರು.

ಮದುವೆ ಪತ್ರಿಕೆಯ ಮ್ಯಾಟರನ್ನು, ಅಂದರೆ ಜೋಡಿಸಿದ ಮೊಳೆಗಳನ್ನು, ಅಚ್ಚಾದ ಮೇಲೂ ದಾರ ಕಟ್ಟಿ ಇಡುತ್ತಿದ್ದೆವು. ಮುಂದಿನ ಮದುವೆಗೆ ಹೆಸರು, ಊರು, ದಿನ ಬದಲಿಸಿದರೆ ಆಯಿತು. ತಿಥಿ ಕಾರ್ಡನ್ನು ಮಾತ್ರ ಅಚ್ಚಾದ ಕೂಡಲೇ ಪೂರ್ತಿ ಬಿಚ್ಚಿ, ಒಂದೊಂದು ಮೊಳೆಯನ್ನೂ ಕೇಸಿನ ಅದರದರ ಮನೆಗೆ ಹಾಕಿಬಿಡಬೇಕು. ಒಮ್ಮೆ ನಾನು ಸೋಮಾರಿತನಕ್ಕೆ ಬಿದ್ದು, ಬಿಚ್ಚದೆ ಬಿಟ್ಟಿದ್ದ ಹಳೆಯ ತಿಥಿ ಕಾರ್ಡಿನ ಮ್ಯಾಟರಿಗೇ ಹೊಸ ಹೆಸರು ಕೂರಿಸಿದೆ. ಅವರು ನನ್ನನ್ನು ಬೈದದ್ದು ಅವತ್ತೊಂದೇ ದಿನ.

"ಒಬ್ಬರ ಸಾವಿನ ಮೇಲೆ ಇನ್ನೊಬ್ಬರದ್ದು ಕೂರಿಸ್ತೀಯೇನಮ್ಮ? ಅವ್ರ ಮನೇಲಿ ಹೊಸದಾಗಿ ಸತ್ತಿರ್ತಾರೆ. ಹೊಸದಾಗೇ ಜೋಡಿಸ್ಬೇಕು."

ತೊಂಬತ್ತರ ದಶಕದಲ್ಲಿ ಮಾಲೀಕರು ಡಿಟಿಪಿಗೆಂದು ಕಂಪ್ಯೂಟರ್ ತಂದರು. ಇನ್ನು ಇಬ್ಬರು ಬೇಡ, ಒಬ್ಬರು ಸಾಕು ಎಂದರು. ಫೋರ್‌ಮನ್ನರು ನನ್ನನ್ನೇ ಮುಂದೆ ತಳ್ಳಿದರು. "ನೀನು ಕಲ್ತ್ಕೋ. ಮಗ ಓದ್ತಾ ಇದ್ದಾನೆ. ನಂದೇನಿದೆ?" ಬಾಯಿಮಾತಿಗಾದರೂ ನಾನು ಬೇಡ ಅನ್ನಬಹುದಿತ್ತಲ್ಲ. ಅನ್ನಲಿಲ್ಲ.

ಮೊಳೆಗಳನ್ನೆಲ್ಲ ಗುಜರಿಗೆ ಹಾಕುವುದೆಂದಾಯಿತು. ಕೊನೆಯ ಮೂರು ದಿನ ಅವರು ಕಟ್ಟಿಟ್ಟಿದ್ದ ಮದುವೆ ಮ್ಯಾಟರುಗಳನ್ನು ಬಿಚ್ಚಿ, ಒಂದೂ ತಪ್ಪದಂತೆ ಕೇಸುಗಳನ್ನು ತುಂಬಿಸಿದರು.

"ಕರಗಿಸೋಕೆ ತಾನೇ ಅಣ್ಣಾ, ಯಾಕೆ ಒದ್ದಾಡ್ತೀರಿ?" ಎಂದೆ.

"ಬೆರೆಸಿ ಬಿಟ್ಟು ಹೋಗ್ಬಾರ್ದು ಕಣಮ್ಮ."

ನಾಲ್ಕನೆಯ ದಿನ ಗುಜರಿಯವನು ಬಂದು ಕೇಸುಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಮಗುಚಿದ. ಫೋರ್‌ಮನ್ನರು ಕೊನೆಯ ಕೇಸಿನವರೆಗೂ ನಿಂತು ನೋಡಿದರು. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ಹೋದರು.

ಚಿಂತಾಮಣಿಗೆ, ಚಿಕ್ಕಬಳ್ಳಾಪುರಕ್ಕೆ ಕೆಲಸ ಕೇಳಿಕೊಂಡು ಅಲೆದರಂತೆ. ಎಲ್ಲ ಕಡೆಯೂ ಕಂಪ್ಯೂಟರ್ ಬಂದಿತ್ತು. ಎರಡು ವರ್ಷ ಬದುಕಿದ್ದರು, ಅಷ್ಟೇ.

ಅವರ ತಿಥಿ ಕಾರ್ಡು ಮಾಡಿದ್ದು ನಾನೇ. ಮದುವೆ ಸೀಸನ್ನಿನ ಆತುರ, ಅಳುವಿನಲ್ಲಿ ಕಣ್ಣು ಬೇರೆ ಮಂಜು. ಕಂಪ್ಯೂಟರಿನಲ್ಲಿದ್ದ ಹಳೆಯ ತಿಥಿ ಕಾರ್ಡೊಂದನ್ನು ತೆಗೆದು, ಹೆಸರು, ಊರು, ದಿನ ಬದಲಿಸಿ ಪ್ರಿಂಟ್ ಕೊಟ್ಟುಬಿಟ್ಟೆ. ಪ್ರೂಫ್ ನೋಡಲಿಲ್ಲ. ಅವರಿದ್ದಷ್ಟು ದಿನ ಅದನ್ನು ನೋಡುತ್ತಿದ್ದವರು ಅವರೇ.

ತಿಥಿಯ ದಿನ ಜಂಗಮಕೋಟೆಗೆ ಹೋದೆ. ಫೋಟೋದ ಮುಂದಿಟ್ಟಿದ್ದ ಕಾರ್ಡನ್ನು ಅವರ ಹೆಂಡತಿ ನನ್ನ ಕೈಗಿಟ್ಟರು. ಅವರಿಗೆ ಓದು ಬಾರದು.

"ಏನಂತ ಹಾಕಿದ್ದೀಯ, ಒಂದ್ಸಲ ಓದಮ್ಮ. ಬಂದೋರೆಲ್ಲ ಓದಿ ಸುಮ್ನಾಗ್ತಾರೆ, ನಂಗೆ ಯಾರೂ ಹೇಳಲ್ಲ."

ಓದತೊಡಗಿದೆ. ಕೊನೆಯಲ್ಲಿ, ದುಃಖತಪ್ತರು ಎಂಬುದರ ಕೆಳಗೆ, ಇನ್ಯಾರದೋ ಮನೆಯ ಸಾಲು ಹಾಗೇ ಕೂತಿತ್ತು: ಪತ್ನಿ, ಮಕ್ಕಳು, ಸೊಸೆಯಂದಿರು, ಮೊಮ್ಮಕ್ಕಳು. ನನ್ನ ಕೈ ಸೇದಿಹೋಗ! 'ಪತ್ನಿ' ಎಂದಷ್ಟು ಓದಿ ನಿಲ್ಲಿಸಿದೆ.

"ಅಷ್ಟೇನಾ?"

"ಅಷ್ಟೇ ಅಕ್ಕ."

"ಚೆನ್ನಾಗಿದೆ ಕಣಮ್ಮ. ಅವ್ರೇ ಜೋಡಿಸ್ದಂಗಿದೆ," ಎಂದು ಕಾರ್ಡನ್ನು ಈಸಿಕೊಂಡು ಕಣ್ಣಿಗೊತ್ತಿಕೊಂಡರು.