ಎಣ್ಣೆಯ ಬಗ್ಗೆ ನಾನು ಹೇಳಿದ್ದು

ಕಳೆದ ಚಳಿಗಾಲದಲ್ಲಿ ಮನೆಗೆ ತಂದ ಕೊಬ್ಬರಿ ಎಣ್ಣೆ ಕಮಟು ವಾಸನೆ ಹೊಡೆಯುತ್ತಿತ್ತು. ಅಥವಾ ನನಗೆ ಹಾಗನ್ನಿಸಿತು. ಎರಡರಲ್ಲಿ ಯಾವುದು ಎಂದು ಆಗ ನಾನು ಯೋಚಿಸಲಿಲ್ಲ.

ಚನ್ನರಾಯಪಟ್ಟಣದಲ್ಲಿ ನಮ್ಮ ಬೀದಿಯ ಕೊನೆಗೇ ಒಂದು ಗಾಣವಿದೆ. ಅದರ ಯಜಮಾನರು ಹಿರೀಸಾವೆ ಕಡೆಯವರು, ಮಾತು ಕಡಿಮೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುತ್ತಿದ್ದ ಕಾಲದಿಂದಲೂ ನಮ್ಮ ಮನೆಗೆ ಅಲ್ಲಿಯದೇ ಎಣ್ಣೆ. ಹೊಳೆನರಸೀಪುರದಲ್ಲಿರುವ ತಂಗಿಯೂ ನನ್ನ ಮಾತು ಕೇಳಿ ಅಲ್ಲಿಂದಲೇ ತರಿಸಿಕೊಳ್ಳುತ್ತಿದ್ದಳು. ಅದಕ್ಕೇ ಅವಳಿಗೊಂದು ವಾಯ್ಸ್ ಮೆಸೇಜ್ ಕಳಿಸಿದೆ: "ಈ ಸಲದ ಎಣ್ಣೆ ಯಾಕೋ ಕಮಟು ಕಣೇ. ಸದ್ಯಕ್ಕೆ ತರಿಸ್ಬೇಡ, ನೋಡೋಣ." ಒಗ್ಗರಣೆ ಹಾಕುತ್ತಾ ಆಡಿದ ಮಾತು, ಅಷ್ಟೇ.

ನಾಲ್ಕೈದು ದಿನ ಕಳೆದಿರಬೇಕು. ಅರಕಲಗೂಡಿನಲ್ಲಿರುವ ಹಳೆಯ ಸಹೋದ್ಯೋಗಿಯೊಬ್ಬರಿಂದ ವಾಟ್ಸಾಪಿನಲ್ಲಿ ಒಂದು ಬರಹ ಬಂತು. ನಮ್ಮ ಬೀದಿಯ ಗಾಣದಲ್ಲಿ ಎಣ್ಣೆಗೆ ಮೇಣ ಬೆರೆಸುತ್ತಿದ್ದಾರೆ, ನಿವೃತ್ತ ವಿಜ್ಞಾನ ಶಿಕ್ಷಕಿಯೊಬ್ಬರು ಪರೀಕ್ಷೆ ಮಾಡಿ ಪತ್ತೆ ಹಚ್ಚಿದ್ದಾರೆ, ಎಲ್ಲರಿಗೂ ತಿಳಿಸಿ ಎಂದಿತ್ತು. ಕೆಳಗೆ ಒಂದು ಫೋಟೋ, ಬಾಟಲಿಯ ತಳದಲ್ಲಿ ಬೆಳ್ಳಗೆ ಏನೋ ಹೆಪ್ಪುಗಟ್ಟಿತ್ತು.

ಹೇಳಲು ನಾಚಿಕೆಯಾಗುತ್ತದೆ, ಓದಿ ನನಗೆ ಸಮಾಧಾನವಾಯಿತು. ನನಗೊಬ್ಬಳಿಗೇ ಅನ್ನಿಸಿದ್ದಲ್ಲ, ಇನ್ನೊಬ್ಬ ಟೀಚರೂ ಕಂಡುಹಿಡಿದಿದ್ದಾರೆ ಅಂದುಕೊಂಡೆ. ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ ಎಂದು ಎಷ್ಟೋ ವರ್ಷ ಮಕ್ಕಳಿಗೆ ಹೇಳಿಕೊಟ್ಟವಳು ಆ ಫೋಟೋದಲ್ಲಿ ಮೇಣವನ್ನೇ ಕಂಡೆ. ತಂಗಿಗೂ ಕಳಿಸಿದೆ.

ಅವಳು ಕೂಡಲೇ ಫೋನ್ ಮಾಡಿದಳು. "ಅಕ್ಕ, ಇದು ನಿಂದೇ ಅಲ್ವಾ?"

"ನಂದು ಅಂದ್ರೆ?"

"ಆ ಟೀಚರ್ ನೀನೇ ಕಣಕ್ಕ. ನೀ ಹೇಳಿದ್ದನ್ನ ನಮ್ಮ ಮಹಿಳಾ ಸಂಘದ ಗ್ರೂಪಿಗೆ ಹಾಕಿದ್ದೆ. ಫೋಟೋ ನಮ್ಮನೇಲಿದ್ದ ಹಳೇ ಬಾಟ್ಲಿದು. ಮೇಣ ಅಂತ ಮಾತ್ರ ನಾನ್ ಹೇಳ್ಲಿಲ್ಲಪ್ಪ. ಬೆಳ್ಳಗೆ ಏನೋ ಇದೆ ಅಂದೆ ಅಷ್ಟೇ."

ಮೇಣ ಅಂದವರು ಯಾರು? ಪರೀಕ್ಷೆ ಅಂದವರು ಯಾರು? ತಂಗಿ ಗ್ರೂಪಿನಲ್ಲಿ ಕೇಳಿದರೆ ಎಲ್ಲರದೂ ಒಂದೇ ಉತ್ತರ: ನಮಗೂ ಬಂತು, ಕಳಿಸಿದ್ವಿ.

ಮಾರನೆಯ ಬೆಳಿಗ್ಗೆ ಗಾಣಕ್ಕೆ ಹೋದೆ. ಗಾಣ ನಿಂತಿತ್ತು. ಯಜಮಾನರು ಮೆಟ್ಟಿಲ ಮೇಲೆ ಒಬ್ಬರೇ ಕೂತಿದ್ದರು.

"ಬನ್ನಿ ಟೀಚರಮ್ಮ. ನೀವಾದ್ರೂ ಬಂದ್ರಲ್ಲ. ಯಾರೋ ಟೀಚರಂತೆ, ಇಂಗ್ ಮಾಡ್ಬುಟ್ಟವ್ರೆ. ಯಾರು ಅಂತ ನಿಮಗೇನಾರಾ ಗೊತ್ತಾ?"

"ನಾನೇ," ಅಂದೆ.

ನಡೆದದ್ದನ್ನೆಲ್ಲ ಹೇಳಿದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ತಗ್ಗಿದ ದನಿಯಲ್ಲಿ ಅಂದರು: "ಮೇಣ ಗೀಣ ದೇವರಾಣೆ ಇಲ್ಲ ಕಣಮ್ಮ. ಆದ್ರೆ ಒಂದ್ ಲಾಟು ಕೊಬ್ಬರಿ ನೆಂದು ಬೂಷ್ಟು ಇಡ್ದಿತ್ತು. ಬಿಸಾಕಾಕೆ ಮನಸ್ಸು ಬರ್ಲಿಲ್ಲ. ಒರೆಸಿ ಒಣಗ್ಸಿ ಗಾಣಕ್ಕೆ ಆಕ್ಬುಟ್ಟೆ. ನಿಮ್ಗೆ ಬಂದಿದ್ದು ಅದೇ ಇರ್ಬೋದು."

ಅಲ್ಲಿಗೆ ನನ್ನ ತಲೆ ಪೂರ್ತಿ ಕೆಟ್ಟಿತು. ನಾನು ಹೇಳಿದ್ದು ನಿಜ. ಊರೆಲ್ಲ ಹರಡಿದ್ದು ಸುಳ್ಳು. ಆದರೆ ಆ ಸುಳ್ಳಿನೊಳಗೆ ನನ್ನ ನಿಜವೂ ಸೇರಿತ್ತು.

ಅವತ್ತೇ ಇನ್ನೊಂದು ವಾಯ್ಸ್ ಮೆಸೇಜ್ ಮಾಡಿ, ಎಲ್ಲರಿಗೂ ತಲುಪಿಸಿ ಎಂದು ತಂಗಿಗೂ ಆ ಸಹೋದ್ಯೋಗಿಗೂ ಕಳಿಸಿದೆ. ನಾನು ಯಾವ ಪರೀಕ್ಷೆಯನ್ನೂ ಮಾಡಿಲ್ಲ, ಮೇಣ ಎಂಬುದು ಸುಳ್ಳು, ಚಳಿಗೆ ಎಣ್ಣೆ ಬೆಳ್ಳಗೆ ಗಟ್ಟಿಯಾಗುವುದು ಸಹಜ ಎಂದು ನಿಧಾನವಾಗಿ, ಪಾಠ ಮಾಡುವ ಹಾಗೆ ಹೇಳಿದೆ. ಬೂಷ್ಟಿನ ಮಾತು ಬಾಯಿಯವರೆಗೂ ಬಂತು. ಹೇಳಿದರೆ ಆ ಮನುಷ್ಯ ಮತ್ತೆ ಏಳಲಾರರು ಅನ್ನಿಸಿ ಬಿಟ್ಟೆ. ಸುಳ್ಳನ್ನು ತಿದ್ದಲು ಕೂತು ನಾನೇ ಒಂದನ್ನು ಮುಚ್ಚಿಟ್ಟೆ. ಅದು ಸರಿಯೋ ತಪ್ಪೋ, ಇವತ್ತಿಗೂ ಗೊತ್ತಿಲ್ಲ.

ಎರಡು ದಿನದ ಮೇಲೆ ಬಾಗಿಲಿಗೆ ಬಂದ ಹೂವಿನವಳು ಮೊಳ ಹಾಕುತ್ತಾ ಕೇಳಿದಳು, "ನಿಮ್ಮ ಎರಡ್ನೇ ಮಾತೂ ಕೇಳ್ದೆ ಟೀಚರಮ್ಮ. ಪಾಪ, ಗಾಣದೋರು ನಿಮ್ಮನ್ನ ಎದರಿಸಿ ಅಂಗೆ ಏಳಿಸವ್ರೆ ಅಲ್ವಾ?"

"ಇಲ್ಲ ಕಣಮ್ಮ, ನಾನೇ ಹೇಳಿದ್ದು."

"ಆಯ್ತು ಬಿಡಿ, ನಮ್ಗೆ ಅರ್ತ ಆಯ್ತದೆ," ಎಂದು ಅರ್ಧ ಮೊಳ ಜಾಸ್ತಿಯೇ ಹಾಕಿ ಹೋದಳು.

ಅವಳ ಇಬ್ಬರು ಮಕ್ಕಳೂ ನನ್ನ ಹತ್ತಿರ ಓದಿದವರು. ನನ್ನ ಮೇಲೆ ಅವಳಿಗೆ ಅಪಾರ ನಂಬಿಕೆ. ಆ ನಂಬಿಕೆಯಿಂದಲೇ ನಾನು ಹೇಳದೇ ಇದ್ದದ್ದನ್ನು ನಂಬಿದಳು, ಹೇಳಿದ್ದನ್ನು ನಂಬಲಿಲ್ಲ. ಯಾರನ್ನು ದೂರಲಿ?

ಗಾಣ ಯುಗಾದಿಯವರೆಗೂ ಅರೆಬರೆ ನಡೆಯಿತು. ಆಮೇಲೆ ಜನ ತಾವಾಗಿಯೇ ಬರತೊಡಗಿದರು. ಸತ್ಯ ತಿಳಿದು ಯಾರೂ ಬಂದದ್ದಲ್ಲ. ಅಷ್ಟು ಹೊತ್ತಿಗೆ ಇನ್ನಾವುದೋ ಸುದ್ದಿ ಓಡಾಡುತ್ತಿತ್ತು, ಇದು ಮರೆತುಹೋಗಿತ್ತು. ಯಜಮಾನರು ನನ್ನನ್ನು ಮೊದಲಿನಂತೆಯೇ ಮಾತನಾಡಿಸುತ್ತಾರೆ. ಆದರೆ ಬೇರೆ ಗಿರಾಕಿಗಳಿದ್ದಾಗ ನಾನು ಹೋದರೆ ಇಬ್ಬರೂ ಬೇಗ ಬೇಗ ವ್ಯವಹಾರ ಮುಗಿಸುತ್ತೇವೆ.

ಮೊನ್ನೆ ತಂಗಿ ಮತ್ತೆ ಫೋನ್ ಮಾಡಿದ್ದಳು. ಹಾಲಿನ ಪುಡಿಯ ಬಗ್ಗೆ ವಾಟ್ಸಾಪಿನಲ್ಲಿ ಏನೋ ಬಂದಿದೆಯಂತೆ.

"ನಿಜವೇನಕ್ಕ?"

"ನಂಗೊತ್ತಿಲ್ಲ ಕಣೇ."

"ನಿಂಗೇ ಗೊತ್ತಿಲ್ಲ ಅಂದ್ರೆ ಇನ್ಯಾರನ್ನ ಕೇಳ್ಲಿ?"

ಸಂಘದ ಗ್ರೂಪಿಗೆ ಮಾತ್ರ ಹಾಕಬೇಡ ಅಂದೆ. ಆಗಲೇ ಹಾಕಿಯಾಗಿತ್ತು.